ಮೊದಲು ಬೋರ್ಡು, ಆಮೇಲೆ ರ‍್ಯಾಮ್

ಹುಡುಗ: ಚಿಕ್ಕಮ್ಮ, ಲಿಸ್ಟ್ ಮುಗೀತು. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ಎಸ್‌ಎಸ್‌ಡಿ, ಕ್ಯಾಬಿನೆಟ್ ಎಲ್ಲ ನೋಡಿಟ್ಟಿದ್ದೀನಿ. ರ‍್ಯಾಮ್ ಒಂದು ಬಾಕಿ. ಶನಿವಾರ ಎಸ್‌ಪಿ ರೋಡಿಗೆ ಹೋದಾಗ ಯಾವುದಾದರೂ 32 ಜಿಬಿ ತಗೊಂಡು ಬಂದರಾಯ್ತು.

ಚಿಕ್ಕಮ್ಮ: ಯಾವುದಾದರೂ ಅನ್ನೋ ಮಾತು ಮೌಸಿಗೆ ಸರಿ, ಕೀಬೋರ್ಡಿಗೆ ಸರಿ. ರ‍್ಯಾಮ್‌ಗೆ ನಡೆಯೋದಿಲ್ಲ. ಹೊಸದಾಗಿ ಕಂಪ್ಯೂಟರ್ ಜೋಡಿಸಿ, ಆನ್ ಆಗ್ತಿಲ್ಲ ಅಂತ ನನ್ನ ರಿಪೇರಿ ಟೇಬಲ್ಲಿಗೆ ತರೋ ಹುಡುಗರಲ್ಲಿ ಬಹಳ ಜನರ ಕಥೆ ರ‍್ಯಾಮ್ ಹತ್ತಿರವೇ ನಿಂತಿರುತ್ತೆ. ಯಾವ ಭಾಗವೂ ಕೆಟ್ಟಿರಲ್ಲ, ಒಂದಕ್ಕೊಂದು ಹೊಂದಿರಲ್ಲ. ಬೋರ್ಡ್ ಯಾವುದು ಬರೆದಿದ್ದೀಯ?

ಹುಡುಗ: ಎರಡು ಬರೆದಿದ್ದೀನಿ, ಇನ್ನೂ ಗಟ್ಟಿ ಮಾಡಿಲ್ಲ. ಇಂಟೆಲ್ ಆದರೆ ಐ5-12400ಎಫ್, ಬಿ760 ಬೋರ್ಡ್. ಎಎಂಡಿ ಆದರೆ ರೈಜೆನ್ 5 7600, ಬಿ650 ಬೋರ್ಡ್.

ಚಿಕ್ಕಮ್ಮ: ಬಿ760 ಅಂದರೆ ಯಾವ ಬಿ760? ಪೂರ್ತಿ ಹೆಸರು ಬೇಕು ನನಗೆ.

ಹುಡುಗ: ಬಿ760 ಅಂದರೆ ಸಾಲದಾ?

ಚಿಕ್ಕಮ್ಮ: ಸಾಲದು. ಅದು ಚಿಪ್‌ಸೆಟ್ಟಿನ ಹೆಸರು. ಇಂಟೆಲ್‌ನ 12ನೇ ತಲೆಮಾರಿನ ಪ್ರೊಸೆಸರ್‌ಗಳು 2021ರ ನವೆಂಬರಿನಲ್ಲಿ ಬಂದಾಗ ಡಿಡಿಆರ್4, ಡಿಡಿಆರ್5 ಎರಡನ್ನೂ ಓದೋ ಶಕ್ತಿ ಇಟ್ಟುಕೊಂಡೇ ಬಂದವು. 13, 14ನೇ ತಲೆಮಾರೂ ಹಾಗೇ. ಆದರೆ ಬೋರ್ಡ್ ಮಾಡೋ ಕಂಪನಿ ಎರಡರಲ್ಲಿ ಒಂದನ್ನು ಆರಿಸಿಕೊಂಡು ಸ್ಲಾಟ್ ಕೂರಿಸುತ್ತೆ. ಹಾಗಾಗಿ ಒಂದೇ ಕಂಪನಿಯ, ಹೆಚ್ಚುಕಡಿಮೆ ಒಂದೇ ಹೆಸರಿನ ಎರಡು ಬೋರ್ಡ್ ಅಂಗಡಿಯಲ್ಲಿ ಅಕ್ಕಪಕ್ಕ ಇರುತ್ತವೆ. ಒಂದರ ಹೆಸರಿನ ಕೊನೆಗೆ ‘ಡಿ4’ ಅಥವಾ ‘ಡಿಡಿಆರ್4’ ಅಂತ ಇರುತ್ತೆ, ಇನ್ನೊಂದರಲ್ಲಿ ಇರಲ್ಲ. ಆ ಎರಡಕ್ಷರ ನೋಡದೆ ಕೊಂಡವರು ರ‍್ಯಾಮ್ ಕೈಯಲ್ಲಿ ಹಿಡಿದು ನಿಲ್ಲಬೇಕಾಗುತ್ತೆ.

ಹುಡುಗ: ಎಎಂಡಿ ಕಡೆಯೂ ಇದೇ ಗೋಳಾ?

ಚಿಕ್ಕಮ್ಮ: ಅಲ್ಲಿ ಸುಲಭ. ರೈಜೆನ್ 7000 ಜೊತೆ 2022ರ ಸೆಪ್ಟೆಂಬರಿನಲ್ಲಿ ಬಂದ ಎಎಂ5 ಸಾಕೆಟ್ಟಿಗೆ ಡಿಡಿಆರ್5 ಮಾತ್ರ. ಅದಕ್ಕೆ ಹಿಂದಿನ ಎಎಂ4 ಸಾಕೆಟ್ಟಿಗೆ ಡಿಡಿಆರ್4 ಮಾತ್ರ. ಇಂಟೆಲ್‌ನಲ್ಲೂ 2024ರಲ್ಲಿ ಬಂದ ಕೋರ್ ಅಲ್ಟ್ರಾ 200 ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ಡಿಡಿಆರ್5 ಮಾತ್ರ. ಗೊಂದಲ ಇರೋದೆಲ್ಲ 12ರಿಂದ 14ನೇ ತಲೆಮಾರಿನ ಇಂಟೆಲ್ ಸಾಕೆಟ್ಟಿನಲ್ಲಿ. ನಮ್ಮ ಹುಡುಗರು ಹೆಚ್ಚು ಕೊಳ್ಳೋದೂ ಅದನ್ನೇ.

ಹುಡುಗ: ಡಿಡಿಆರ್4, ಡಿಡಿಆರ್5 ಎರಡೂ ನೋಡೋಕೆ ಒಂದೇ ಥರ ಇವೆಯಲ್ಲ. ಎರಡಕ್ಕೂ 288 ಪಿನ್ ಅಂತಲೂ ಓದಿದೆ.

ಚಿಕ್ಕಮ್ಮ: ಪಿನ್ನಿನ ಲೆಕ್ಕ ಒಂದೇ, ಉದ್ದವೂ ಒಂದೇ, 13.3 ಸೆಂಟಿಮೀಟರ್. ಆದರೆ ಕೆಳಗಿನ ಕಚ್ಚು ಬೇರೆ ಬೇರೆ ಜಾಗದಲ್ಲಿದೆ. ತಪ್ಪು ಸ್ಲಾಟಿಗೆ ಹೋಗಬಾರದು ಅಂತಲೇ ಹಾಗೆ ಮಾಡಿರೋದು. ಒಳಗಿನ ವಿದ್ಯುತ್ ವ್ಯವಸ್ಥೆಯೇ ಬೇರೆ. ಡಿಡಿಆರ್4 ಮಾಮೂಲಿಗೆ 1.2 ವೋಲ್ಟಿನಲ್ಲಿ ನಡೆಯುತ್ತೆ, ವೋಲ್ಟೇಜನ್ನು ಬೋರ್ಡೇ ಹದ ಮಾಡಿ ಕೊಡುತ್ತೆ. ಡಿಡಿಆರ್5 ನಡೆಯೋದು 1.1 ವೋಲ್ಟಿನಲ್ಲಿ, ಹದ ಮಾಡೋ ಪುಟ್ಟ ಚಿಪ್ಪು ಸ್ಟಿಕ್ಕಿನ ಮೇಲೇ ಇರುತ್ತೆ. ಕೂರಲಿಲ್ಲ ಅಂತ ಹೆಬ್ಬೆರಳಲ್ಲಿ ಬಲವಾಗಿ ಒತ್ತಿ ಸ್ಲಾಟ್ ಸೀಳಿಕೊಂಡವರನ್ನು ನೋಡಿದ್ದೀನಿ. ಕಚ್ಚು ಸರಿಯಿದ್ದರೆ ಎರಡು ಕಡೆ ಸಮನಾಗಿ ಒತ್ತಿದಾಗ ‘ಟಕ್’ ಅಂತ ಕೂರುತ್ತೆ. ಕೂರದಿದ್ದರೆ ಕೈ ತೆಗೆದು ಮತ್ತೆ ಕಚ್ಚು ನೋಡು.

ಹುಡುಗ: ಹಾಗಾದರೆ ಅಣ್ಣನ ಹಳೇ ಲ್ಯಾಪ್‌ಟಾಪಿಂದ ಬಿಚ್ಚಿಟ್ಟ ಒಂದು 8 ಜಿಬಿ ಡಿಡಿಆರ್4 ಇದೆ. ಇಂಟೆಲ್ ಡಿ4 ಬೋರ್ಡ್ ತಗೊಂಡರೆ ಅದೂ ಉಪಯೋಗಕ್ಕೆ ಬರುತ್ತಲ್ಲ?

ಚಿಕ್ಕಮ್ಮ: ಬರಲ್ಲ ಕಣೋ. ಲ್ಯಾಪ್‌ಟಾಪಿನದು ಗಿಡ್ಡ, 7 ಸೆಂಟಿಮೀಟರ್‌ಗಿಂತ ಕೊಂಚ ಕಮ್ಮಿ. ಪಿನ್ 260. ಡೆಸ್ಕ್‌ಟಾಪ್ ಸ್ಲಾಟಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಅದನ್ನ ಯಾರದಾದರೂ ಲ್ಯಾಪ್‌ಟಾಪಿಗೆ ಕೊಟ್ಟುಬಿಡು.

ಹುಡುಗ: ಇನ್ನೊಂದು ಕೇಳಬೇಕಿತ್ತು. ಒಂದು ಅಂಗಡಿಯಲ್ಲಿ 32 ಜಿಬಿ ಡಿಡಿಆರ್4, ಒಂದೇ ಸ್ಟಿಕ್ಕು, ಅರ್ಧಕ್ಕಿಂತ ಕಮ್ಮಿ ಬೆಲೆಗೆ ಕೊಡ್ತೀನಿ ಅಂದರು. ಸೆಕೆಂಡ್ ಹ್ಯಾಂಡ್, ಆದರೆ ಒಳ್ಳೇ ಕಂಪನೀದು.

ಚಿಕ್ಕಮ್ಮ: ಲೇಬಲ್ಲಿನ ಫೋಟೋ ತೆಗೆದಿದ್ದೀಯಾ? ತೋರಿಸು. ಇಲ್ನೋಡು, ‘ಪಿಸಿ4’ ಅಂತ ಶುರುವಾಗೋ ಸಾಲು. ವೇಗದ ಸಂಖ್ಯೆ ಆದ ಮೇಲೆ ಅಡ್ಡಗೆರೆ, ಅದಾದ ಮೇಲೆ ‘ಆರ್’ ಅಕ್ಷರ. ರಿಜಿಸ್ಟರ್ಡ್ ಅಂತ ಅರ್ಥ. ಇದು ಸರ್ವರಿನ ರ‍್ಯಾಮ್. ಡೇಟಾ ಸೆಂಟರಿನವರು ಹಳೇ ಸರ್ವರ್ ಬಿಚ್ಚಿದಾಗ ರಾಶಿ ರಾಶಿ ಪೇಟೆಗೆ ಬರುತ್ತೆ. ಡಿಡಿಆರ್4ರಲ್ಲಿ ಇದರ ಕಚ್ಚು ನಮ್ಮ ಡೆಸ್ಕ್‌ಟಾಪ್ ಸ್ಟಿಕ್ಕಿನ ಕಚ್ಚಿಗೇ ಹೊಂದಿಕೊಳ್ಳುತ್ತೆ, ಸ್ಲಾಟಿನಲ್ಲಿ ಚೆನ್ನಾಗಿಯೇ ಕೂರುತ್ತೆ. ಆದರೆ ನಿನ್ನ ಬೋರ್ಡ್ ಆನ್ ಆಗಲ್ಲ. ನಡುವೆ ಇರೋ ರಿಜಿಸ್ಟರ್ ಚಿಪ್ಪಿನ ಜೊತೆ ಮಾತಾಡೋದು ಮನೆಬಳಕೆಯ ಪ್ರೊಸೆಸರಿಗೆ ಗೊತ್ತಿಲ್ಲ. ನಿನಗೆ ಬೇಕಾಗಿರೋದು ಆ ಜಾಗದಲ್ಲಿ ‘ಯು’ ಅಕ್ಷರ ಇರೋದು. ಡಿಡಿಆರ್5ರಲ್ಲಿ ಸರ್ವರಿನದಕ್ಕೂ ಮನೆಯದಕ್ಕೂ ಕಚ್ಚನ್ನೇ ಬೇರೆ ಮಾಡಿದ್ದಾರೆ. ಈ ಒಂದು ಮೋಸ ಅಲ್ಲಿಗೆ ತಪ್ಪಿತು.

ಹುಡುಗ: ಅಂಗಡಿಯವರು ಹೇಳಲೇ ಇಲ್ಲ.

ಚಿಕ್ಕಮ್ಮ: ಕೇಳಿದರೆ ಹೇಳೋರು ಬೇಕಾದಷ್ಟು ಜನ ಇದ್ದಾರೆ ಆ ಬೀದಿಯಲ್ಲಿ. ಆದರೆ ಕೇಳೋದಕ್ಕೆ ನಿನಗೆ ಗೊತ್ತಿರಬೇಕು. ಈಗ ಹೇಳು, 32 ಯಾಕೆ ಬೇಕು?

ಹುಡುಗ: ಎಲ್ಲರೂ 32 ಅಂತಾರೆ.

ಚಿಕ್ಕಮ್ಮ: ಎಲ್ಲರೂ ಅನ್ನೋದನ್ನ ಬಿಡು. ನೀನು ಆಡೋದು ಏನು?

ಹುಡುಗ: ಈಗ ವ್ಯಾಲೊರಂಟ್. ಗ್ರಾಫಿಕ್ಸ್ ಕಾರ್ಡ್ ಬಂದ ಮೇಲೆ ಸೈಬರ್‌ಪಂಕ್ 2077 ಆಡಬೇಕು. ಫ್ಲೈಟ್ ಸಿಮ್ಯುಲೇಟರ್ ಮೇಲೂ ಆಸೆ ಇದೆ.

ಚಿಕ್ಕಮ್ಮ: ನೋಡು, ಆ ಮೂರೂ ಮೂರು ಥರ. ವ್ಯಾಲೊರಂಟ್ ಕೇಳೋದು 4 ಜಿಬಿ. ಸೈಬರ್‌ಪಂಕ್ ಈಗಿನ ಆವೃತ್ತಿಗೆ ಕನಿಷ್ಠ 12, ಶಿಫಾರಸು 16. ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಕನಿಷ್ಠವೇ 16, ಶಿಫಾರಸು 32. ಇದರ ಜೊತೆ ವಿಂಡೋಸ್ ತನ್ನ ಪಾಲು ತಿನ್ನುತ್ತೆ, ಬ್ರೌಸರು, ಡಿಸ್ಕಾರ್ಡು ತಮ್ಮ ಪಾಲು. 16ರಲ್ಲಿ ಬಹುಪಾಲು ಆಟ ನಡೆಯುತ್ತೆ. ಆಡೋ ಹೊತ್ತಲ್ಲಿ ಉಳಿದದ್ದೆಲ್ಲ ಮುಚ್ಚಬೇಕಾಗುತ್ತೆ, ಅಷ್ಟೇ. 32 ಇದ್ದರೆ ಆ ಯೋಚನೆ ಇಲ್ಲ. 64 ನಿನಗೆ ಬೇಡ. ಉಳಿಯೋ ದುಡ್ಡನ್ನ ಗ್ರಾಫಿಕ್ಸ್ ಕಾರ್ಡಿಗೆ ಹಾಕು, ಆಟ ಚೆನ್ನಾಗಿ ಕಾಣೋದು ಅಲ್ಲಿ.

ಹುಡುಗ: ಹಾಗಾದರೆ 32ರದು ಒಂದೇ ಸ್ಟಿಕ್ ತಗೊಳ್ಳಲಾ? ಮುಂದೆ ಬೇಕಾದರೆ ಇನ್ನೊಂದು ಸೇರಿಸಬಹುದು.

ಚಿಕ್ಕಮ್ಮ: ಬೇಡ. 16ರ ಎರಡು ತಗೋ. ಪ್ರೊಸೆಸರಿನಿಂದ ರ‍್ಯಾಮ್‌ಗೆ ಹೋಗೋ ದಾರಿ ಎರಡಿವೆ, ಚಾನಲ್ ಅಂತಾರೆ. ಒಂದೇ ಸ್ಟಿಕ್ ಹಾಕಿದರೆ ಒಂದು ದಾರಿ ಖಾಲಿ ಬಿದ್ದಿರುತ್ತೆ. ಡಿಡಿಆರ್4 3200ರ ಒಂದು ಸ್ಟಿಕ್ ಸೆಕೆಂಡಿಗೆ ಹೆಚ್ಚೆಂದರೆ 25.6 ಗಿಗಾಬೈಟ್ ಸಾಗಿಸುತ್ತೆ, ಎರಡು ಚಾನಲ್ಲಿನಲ್ಲಿ ಎರಡಿದ್ದರೆ 51.2. ಡಿಡಿಆರ್5 6000 ಆದರೆ ಒಂದಕ್ಕೆ 48, ಎರಡಕ್ಕೆ 96. ಲೆಕ್ಕ ಸುಲಭ, ಆ ವೇಗದ ಸಂಖ್ಯೆಯನ್ನ ಎಂಟರಿಂದ ಗುಣಿಸು, ಮೆಗಾಬೈಟ್ ಬರುತ್ತೆ.

ಹುಡುಗ: ಆದರೆ ಡಿಡಿಆರ್5ರಲ್ಲಿ ಒಂದು ಸ್ಟಿಕ್ಕೇ ಡ್ಯುಯಲ್ ಚಾನಲ್ ಅಂತ ನನ್ನ ಫ್ರೆಂಡ್ ಹೇಳಿದ.

ಚಿಕ್ಕಮ್ಮ: ಅರ್ಧ ನಿಜ. ಡಿಡಿಆರ್5 ಸ್ಟಿಕ್ಕಿನ ಒಳಗೆ 64 ಬಿಟ್ಟಿನ ಒಂದು ದಾರಿಯನ್ನ 32, 32 ಅಂತ ಎರಡು ಮಾಡಿದ್ದಾರೆ. ಒಟ್ಟು ಅಗಲ ಅಷ್ಟೇ. ಸಣ್ಣ ಸಣ್ಣ ಕೋರಿಕೆಗಳನ್ನ ಚುರುಕಾಗಿ ಮುಗಿಸೋಕೆ ಅದು ಸಹಾಯ ಮಾಡುತ್ತೆ. ಆದರೆ ಎರಡನೇ ಸ್ಟಿಕ್ ಕೊಡೋ 48 ಗಿಗಾಬೈಟನ್ನ ಅದು ಕೊಡಲ್ಲ. ನೀನು ಗ್ರಾಫಿಕ್ಸ್ ಕಾರ್ಡ್ ಇಲ್ಲದೆ, ರೈಜೆನ್ 5 8600ಜಿ ಥರದ ಪ್ರೊಸೆಸರಿನ ಒಳಗಿನ ಗ್ರಾಫಿಕ್ಸಲ್ಲೇ ಆಡ್ತೀನಿ ಅಂದಿದ್ದರೆ ಈ ಮಾತನ್ನ ಇನ್ನೂ ಒತ್ತಿ ಹೇಳ್ತಿದ್ದೆ. ಅಲ್ಲಿ ಚಿತ್ರ ಬರೆಯೋಕೂ ಇದೇ ರ‍್ಯಾಮ್ ಬೇಕು. ಒಂದೇ ಸ್ಟಿಕ್ ಹಾಕಿದರೆ ಆಟ ಎದ್ದು ಕಾಣೋ ಹಾಗೆ ಕುಂಟುತ್ತೆ.

ಹುಡುಗ: ಎರಡು ಸ್ಟಿಕ್ ಬೇರೆ ಬೇರೆ ಅಂಗಡಿಯಿಂದ ತಗೊಂಡರೆ? ಒಂದು ಈಗ, ಇನ್ನೊಂದು ದೀಪಾವಳಿಗೆ?

ಚಿಕ್ಕಮ್ಮ: ಒಂದೇ ಡಬ್ಬಿಯಲ್ಲಿ ಬರೋ ಜೋಡಿ ತಗೋ ಅನ್ನೋದು ಅದಕ್ಕೇ. ಸ್ಯಾಮ್‌ಸಂಗ್, ಎಸ್‌ಕೆ ಹೈನಿಕ್ಸ್, ಮೈಕ್ರಾನ್ ಈ ಮೂರೇ ಕಂಪನಿಗಳು ಜಗತ್ತಿನ ಹೆಚ್ಚಿನ ರ‍್ಯಾಮ್ ಚಿಪ್ ಮಾಡೋದು. ಕೋರ್ಸೇರ್, ಜಿ.ಸ್ಕಿಲ್, ಅಡಾಟಾ ಥರದವರು ಆ ಚಿಪ್ಪನ್ನ ಕೊಂಡು ಸ್ಟಿಕ್ಕಿಗೆ ಕೂರಿಸಿ ಮಾರ್ತಾರೆ. ಹೊರಗಿನ ಹೆಸರು ಅದೇ ಇದ್ದು ಒಳಗಿನ ಚಿಪ್ ಬದಲಾಗಿರಬಹುದು. ಇವತ್ತು ಕೊಂಡದ್ದರಲ್ಲಿ ಹೈನಿಕ್ಸ್, ಆರು ತಿಂಗಳಿಗೆ ಕೊಂಡದ್ದರಲ್ಲಿ ಮೈಕ್ರಾನ್. ಎರಡನ್ನೂ ಒಂದು ಬೋರ್ಡಿಗೆ ಹಾಕೋದು ಒಂದು ನೊಗಕ್ಕೆ ಬೇರೆ ಬೇರೆ ಊರಿನ ಎತ್ತು ಕಟ್ಟಿದ ಹಾಗೆ, ನಿಧಾನದ್ದರ ಹೆಜ್ಜೆಗೇ ಎರಡೂ ನಡೆಯಬೇಕು. ಕೆಲವು ಸಲ ಅಷ್ಟೂ ನಡೆಯಲ್ಲ, ಆಟದ ನಡುವೆ ನೀಲಿ ಪರದೆ ಬರುತ್ತೆ. ಜೋಡಿಯಾಗಿ ಮಾರೋ ಕಿಟ್ಟನ್ನ ಕಂಪನಿಯವರು ಒಟ್ಟಿಗೇ ಇಟ್ಟು ಪರೀಕ್ಷೆ ಮಾಡಿರ್ತಾರೆ. ಡಬ್ಬಿಯ ಮೇಲಿನ ವೇಗದ ಭರವಸೆ ಆ ಜೋಡಿಗೆ ಮಾತ್ರ.

ಹುಡುಗ: ನಾಲ್ಕು ಹಾಕಿದರೆ ಇನ್ನೂ ಚೆನ್ನಾಗಿ ಕಾಣುತ್ತೆ, ನಾಲ್ಕು ಸ್ಲಾಟಿನಲ್ಲೂ ಲೈಟು.

ಚಿಕ್ಕಮ್ಮ: ಚೆಂದ ಕಾಣೋದು ನಿಜ. ಗಾಜಿನ ಕ್ಯಾಬಿನೆಟ್ ತಗೊಂಡೋನಿಗೆ ಆ ಆಸೆ ಇರುತ್ತೆ, ತಪ್ಪಲ್ಲ. ಆದರೆ ನಾಲ್ಕು ಹಾಕಿದರೂ ಚಾನಲ್ ಎರಡೇ. ಒಂದೊಂದು ಚಾನಲ್ಲಿನ ಮೇಲೆ ಎರಡೆರಡು ಸ್ಟಿಕ್ಕಿನ ಭಾರ. ಡಿಡಿಆರ್5ರ ವೇಗದಲ್ಲಿ ಪ್ರೊಸೆಸರಿಗೆ ಅದು ಹೊರಲಾಗದ ಭಾರ. ಎಎಂಡಿಯ ಲೆಕ್ಕವನ್ನೇ ನೋಡು. ರೈಜೆನ್ 7000ಕ್ಕೆ ಎರಡು ಸ್ಟಿಕ್ ಹಾಕಿದರೆ 5200ರವರೆಗೆ ಅಂತ ಬರೆದಿದ್ದಾರೆ, ನಾಲ್ಕು ಹಾಕಿದರೆ 3600. ಅದಕ್ಕಿಂತ ಜಾಸ್ತಿ ಓಡಿಸಿದವರಿದ್ದಾರೆ, ಆದರೆ ಅದಕ್ಕೆ ಕೂತು ತಿದ್ದಬೇಕು. ಮೊದಲ ಸಲ ಜೋಡಿಸೋನು ಅದಕ್ಕೆ ಕೈ ಹಾಕಬಾರದು. ಲೈಟಿನದೇ ಬೇಕಿದ್ದರೆ ಎರಡು ತಗೋ. ತಗೊಳ್ಳೋ ಮುಂಚೆ ಕೂಲರ್ ಯಾವುದು ಅಂತ ಹೇಳು.

ಹುಡುಗ: ಎರಡು ಫ್ಯಾನಿನ ದೊಡ್ಡ ಏರ್ ಕೂಲರ್.

ಚಿಕ್ಕಮ್ಮ: ಹಾಗಾದರೆ ಸ್ಕೇಲ್ ತೆಗೆದುಕೋ. ಮುಂದಿನ ಫ್ಯಾನ್ ಸೀದಾ ರ‍್ಯಾಮ್ ಸ್ಲಾಟಿನ ಮೇಲೆ ಬರುತ್ತೆ. ನೋಕ್ಟುವಾದ ಎನ್‌ಎಚ್-ಡಿ15 ಕೂಲರಿನ ಮುಂದಿನ ಫ್ಯಾನಿನ ಕೆಳಗೆ ಸಿಗೋದು 32 ಮಿಲಿಮೀಟರ್. ಮೇಲೆ ಏನೂ ಹೊದಿಸದ ಸ್ಟಿಕ್ಕು ಸುಮಾರು 31 ಮಿಲಿಮೀಟರ್ ಎತ್ತರ. ಲೈಟು, ಲೋಹದ ಹೊದಿಕೆ ಇರೋವು 40 ದಾಟುತ್ತವೆ. ಫ್ಯಾನನ್ನ ಸ್ವಲ್ಪ ಮೇಲಕ್ಕೆ ಸಿಕ್ಕಿಸಬಹುದು, ಆಗ ಕೆಲವು ಕ್ಯಾಬಿನೆಟ್ಟಿನ ಗಾಜು ಮುಚ್ಚಲ್ಲ. ಕೂಲರ್ ಕಂಪನಿಯ ಪುಟದಲ್ಲಿ ರ‍್ಯಾಮ್ ಎತ್ತರ ಎಷ್ಟಿರಬಹುದು ಅಂತ ಬರೆದೇ ಇರ್ತಾರೆ, ನೋಡು.

ಹುಡುಗ: ಸರಿ, ಈಗ ನಂಬರಿಗೆ ಬನ್ನಿ ಚಿಕ್ಕಮ್ಮ. 5200, 5600, 6000, 7200, ಅದರ ಪಕ್ಕ ಸಿಎಲ್30, ಸಿಎಲ್36, ಸಿಎಲ್40. ನನಗೆ ತಲೆ ಕೆಟ್ಟಿರೋದು ಇಲ್ಲೇ. ಡಿಡಿಆರ್4ರಲ್ಲಿ ಸಿಎಲ್16 ಇದ್ದದ್ದು ಡಿಡಿಆರ್5ರಲ್ಲಿ 30 ಆಗಿದೆ. ಅಂದರೆ ಹೊಸದು ಹಳೇದಕ್ಕಿಂತ ನಿಧಾನವಾ?

ಚಿಕ್ಕಮ್ಮ: ಇದು ನನಗೆ ಬಹಳ ಇಷ್ಟವಾದ ಪ್ರಶ್ನೆ. ಪೇಪರ್ ತಗೋ. ಸಿಎಲ್ ಅನ್ನೋದು ಸಮಯ ಅಲ್ಲ, ಗಡಿಯಾರದ ಎಷ್ಟು ಬಡಿತ ಕಾಯಬೇಕು ಅನ್ನೋ ಲೆಕ್ಕ. ಬಡಿತ ಚುರುಕಾದ ಹಾಗೆ ಒಂದೊಂದು ಬಡಿತದ ಅವಧಿ ಕಮ್ಮಿ. ನಿಜವಾದ ಸಮಯ ಬೇಕು ಅಂದರೆ ಸಿಎಲ್ ಅನ್ನ 2000ದಿಂದ ಗುಣಿಸಿ ವೇಗದಿಂದ ಭಾಗಿಸು, ನ್ಯಾನೋಸೆಕೆಂಡ್ ಬರುತ್ತೆ. ಡಿಡಿಆರ್4 3200 ಸಿಎಲ್16ಕ್ಕೆ ಮಾಡು.

ಹುಡುಗ: 16 ಗುಣಿಸು 2000, 32,000. ಭಾಗಿಸು 3200. ಹತ್ತು.

ಚಿಕ್ಕಮ್ಮ: ಡಿಡಿಆರ್5 6000 ಸಿಎಲ್30?

ಹುಡುಗ: 60,000 ಭಾಗಿಸು 6000. ಅದೂ ಹತ್ತೇ!

ಚಿಕ್ಕಮ್ಮ: ಡಿಡಿಆರ್3 1600 ಸಿಎಲ್8 ಮಾಡಿ ನೋಡು, ಹತ್ತು. ನೀನು ಹುಟ್ಟೋಕೆ ಮುಂಚಿನ ಡಿಡಿಆರ್ 400 ಸಿಎಲ್2 ಮಾಡು, ಹತ್ತು. ಇಪ್ಪತ್ತು ವರ್ಷದಲ್ಲಿ ಸಾಗಿಸೋ ಪ್ರಮಾಣ ಹದಿನೈದು ಪಟ್ಟು ಆಯ್ತು, ಮೊದಲ ಉತ್ತರಕ್ಕೆ ಕಾಯೋ ಹೊತ್ತು ಕದಲಲಿಲ್ಲ. ಅದಕ್ಕೆ ಕಾರಣ ಒಳಗಿರೋ ಕೋಶ. ಐಬಿಎಂನಲ್ಲಿದ್ದ ರಾಬರ್ಟ್ ಡೆನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕ ವಿನ್ಯಾಸ ಅದು, ಒಂದು ಟ್ರಾನ್ಸಿಸ್ಟರ್, ಒಂದು ಕೆಪಾಸಿಟರ್, ಒಂದು ಬಿಟ್. ಇವತ್ತಿಗೂ ತತ್ವ ಅದೇ. ಕೆಪಾಸಿಟರಿನಲ್ಲಿ ಕೂಡಿಟ್ಟ ವಿದ್ಯುತ್ ಸೋರುತ್ತಾ ಇರುತ್ತೆ. ಹಾಗಾಗಿ ಡಿಡಿಆರ್4ರಲ್ಲಿ ಪ್ರತಿ ಕೋಶವನ್ನೂ 64 ಮಿಲಿಸೆಕೆಂಡಿನ ಒಳಗೆ ಒಮ್ಮೆ ಓದಿ ಮತ್ತೆ ತುಂಬಬೇಕು, ಡಿಡಿಆರ್5ರಲ್ಲಿ 32ರ ಒಳಗೆ. ಅಷ್ಟು ಚಿಕ್ಕ ವಿದ್ಯುತ್ತನ್ನ ಗುರುತು ಹಿಡಿದು, ಹೌದೋ ಅಲ್ಲವೋ ಅಂತ ತೀರ್ಮಾನಿಸೋಕೆ ಅದರದ್ದೇ ಹೊತ್ತು ಬೇಕು. ಆತುರ ಮಾಡಿದರೆ ತಪ್ಪು ಓದುತ್ತೆ. ಒಳಗೆ ಈ ಕೆಲಸ ಒಂದು ಕ್ಷಣವೂ ನಿಲ್ಲದೆ ನಡೀತಿದೆ ಅಂತ ನೆನೆದಾಗೆಲ್ಲ ನನಗೆ ಆ ಪುಟ್ಟ ಹಸಿರು ಪಟ್ಟಿಯ ಮೇಲೆ ಗೌರವ ಬರುತ್ತೆ.

ಹುಡುಗ: ಹಾಗಾದರೆ ನಾನು ಎರಡು ಸಂಖ್ಯೆಯನ್ನೂ ಒಟ್ಟಿಗೆ ನೋಡಬೇಕು.

ಚಿಕ್ಕಮ್ಮ: ಹೌದು. 6000 ಸಿಎಲ್30 ಅಂದರೆ 10 ನ್ಯಾನೋಸೆಕೆಂಡ್, ಸಿಎಲ್36 ಅಂದರೆ 12, ಸಿಎಲ್40 ಅಂದರೆ 13.3. ಬೆಲೆಯಲ್ಲಿ ವ್ಯತ್ಯಾಸ ಕಮ್ಮಿ ಇದ್ದರೆ 30 ತಗೋ. ಜಾಸ್ತಿ ಇದ್ದರೆ 36 ಸಾಕು, ನಿನ್ನ ಕಣ್ಣಿಗೆ ವ್ಯತ್ಯಾಸ ಸಿಗೋದು ಕಷ್ಟ. ರೈಜೆನ್ 7 7800ಎಕ್ಸ್3ಡಿ ಥರ 96 ಎಂಬಿ ಕ್ಯಾಶ್ ಇರೋ ಪ್ರೊಸೆಸರ್ ಆದರಂತೂ ರ‍್ಯಾಮ್ ವೇಗದ ಹಂಗು ಇನ್ನೂ ಕಮ್ಮಿ.

ಹುಡುಗ: 7200 ಬೇಡವಾ?

ಚಿಕ್ಕಮ್ಮ: ಎಎಂ5ಕ್ಕೆ ಬೇಡ. 6000 ಸುತ್ತಮುತ್ತ ಇರೋವರೆಗೆ ಪ್ರೊಸೆಸರಿನ ಮೆಮೊರಿ ಕಂಟ್ರೋಲರು ರ‍್ಯಾಮ್ ಜೊತೆ ಸಮ ಹೆಜ್ಜೆ ಹಾಕುತ್ತೆ. ಅದರ ಮೇಲೆ ಹೋದರೆ ಕಂಟ್ರೋಲರ್ ಅರ್ಧ ವೇಗಕ್ಕೆ ಇಳಿಯುತ್ತೆ. ಹೆಚ್ಚು ದುಡ್ಡು ಕೊಟ್ಟು ಅಲ್ಲೇ ನಿಂತ ಹಾಗೆ, ಕೆಲವು ಸಲ ಹಿಂದಕ್ಕೂ ಹೋದ ಹಾಗೆ. ರೈಜೆನ್ 7000ಕ್ಕೆ 6000 ಒಳ್ಳೇ ಜಾಗ ಅಂತ ಎಎಂಡಿಯವರೇ ಹೇಳಿದ್ದಾರೆ. ಡಬ್ಬಿಯ ಮೇಲೆ ಬರೆದಿರೋ ವೇಗ ಸ್ಟಿಕ್ಕಿನ ತಾಕತ್ತು ಮಾತ್ರ. ಪ್ರೊಸೆಸರು, ಬೋರ್ಡು ಎರಡೂ ಒಪ್ಪಿದರೆ ಸಿಗುತ್ತೆ, ಒಪ್ಪದಿದ್ದರೆ ಇಲ್ಲ. ಇಂಟೆಲ್‌ನ ಎಚ್610 ಬೋರ್ಡ್ ತಗೊಂಡು ಡಿಡಿಆರ್4 3600 ಹಾಕಿದ ಹುಡುಗ ಒಬ್ಬ ನನ್ನ ಹತ್ತಿರ ಬಂದಿದ್ದ. ಆ ಬೋರ್ಡಿನಲ್ಲಿ ರ‍್ಯಾಮ್ ಓವರ್‌ಕ್ಲಾಕಿಗೆ ಅವಕಾಶವೇ ಇಲ್ಲ, 3200ಕ್ಕೆ ನಿಂತುಬಿಡುತ್ತೆ. ಮೇಲಿನ 400ಕ್ಕೆ ಕೊಟ್ಟ ದುಡ್ಡು ಹಾಗೇ ಹೋಯ್ತು.

ಹುಡುಗ: ಯಾವ ಬೋರ್ಡಿಗೆ ಯಾವುದು ಒಪ್ಪುತ್ತೆ ಅಂತ ತಿಳಿಯೋದು ಹೇಗೆ?

ಚಿಕ್ಕಮ್ಮ: ಬೋರ್ಡ್ ಕಂಪನಿಯ ವೆಬ್‌ಸೈಟಿಗೆ ಹೋಗಿ, ನಿನ್ನ ಬೋರ್ಡಿನ ಪೂರ್ತಿ ಹೆಸರು ಹಾಕಿ, ಸಪೋರ್ಟ್ ವಿಭಾಗ ತೆಗಿ. ಅಲ್ಲಿ ಮೆಮೊರಿ ಪಟ್ಟಿ ಇರುತ್ತೆ, ಕ್ಯೂವಿಎಲ್ ಅಂತ ಕರೀತಾರೆ. ಅವರೇ ಪರೀಕ್ಷೆ ಮಾಡಿದ ರ‍್ಯಾಮ್‌ಗಳ ಪಾರ್ಟ್ ನಂಬರು, ಯಾವ ವೇಗಕ್ಕೆ ನಡೀತು, ಎಷ್ಟು ಸ್ಲಾಟ್ ತುಂಬಿದಾಗ ನಡೀತು ಎಲ್ಲ ಇರುತ್ತೆ. ರೈಜೆನ್ ಬೋರ್ಡ್ ಆದರೆ ಪ್ರೊಸೆಸರಿನ ಸರಣಿಗೆ ತಕ್ಕ ಹಾಗೆ ಬೇರೆ ಬೇರೆ ಪಟ್ಟಿ ಇರಬಹುದು, ನಿನ್ನದನ್ನೇ ನೋಡಬೇಕು. ಪಟ್ಟಿಯಲ್ಲಿ ಇಲ್ಲದ್ದು ನಡೆಯಲ್ಲ ಅಂತಲ್ಲ, ಪೇಟೆಗೆ ಬರೋ ಎಲ್ಲವನ್ನೂ ಅವರು ಪರೀಕ್ಷೆ ಮಾಡಿರಲ್ಲ. ಆದರೆ ಮೊದಲ ಸಲದವನು ಪಟ್ಟಿಯ ಒಳಗೇ ಇರೋದು ಕ್ಷೇಮ. ರ‍್ಯಾಮ್ ಕಂಪನಿಯವರೂ ತಮ್ಮ ಕಡೆಯಿಂದ ಇಂಥದೇ ಪಟ್ಟಿ ಇಟ್ಟಿರ್ತಾರೆ. ಎರಡರಲ್ಲೂ ಇದ್ದರೆ ಇನ್ನು ಯೋಚನೆ ಬೇಡ.

ಹುಡುಗ: ಎಕ್ಸ್‌ಎಂಪಿ, ಎಕ್ಸ್‌ಪೋ ಅಂತ ಬರೆದಿರುತ್ತಲ್ಲ, ಅದು?

ಚಿಕ್ಕಮ್ಮ: ಸ್ಟಿಕ್ಕಿನ ಮೇಲೆ ಒಂದು ಸಣ್ಣ ಚಿಪ್ಪಿನಲ್ಲಿ ಅದರ ವೇಗ, ಕಾಯೋ ಲೆಕ್ಕ, ವೋಲ್ಟೇಜ್ ಬರೆದಿಟ್ಟಿರ್ತಾರೆ. ಇಂಟೆಲ್ ಪದ್ಧತಿಯಲ್ಲಿ ಬರೆದದ್ದು ಎಕ್ಸ್‌ಎಂಪಿ, ಎಎಂಡಿ 2022ರಲ್ಲಿ ತಂದದ್ದು ಎಕ್ಸ್‌ಪೋ. ಎಎಂ5 ಬೋರ್ಡಿಗೆ ಎಕ್ಸ್‌ಪೋ ಇರೋದನ್ನ ತಗೋ. ಬರೀ ಎಕ್ಸ್‌ಎಂಪಿ ಇರೋದೂ ಬಹಳ ಸಲ ನಡೆಯುತ್ತೆ, ಆದರೂ ಎಕ್ಸ್‌ಪೋ ಇರೋದೇ ಮೇಲು. ಮುಖ್ಯ ಏನು ಅಂದರೆ, ಅದು ತಾನಾಗಿ ಆನ್ ಆಗಲ್ಲ. ಬಯಾಸಿಗೆ ಹೋಗಿ ನೀನೇ ಹಾಕಬೇಕು. ಹಾಕದಿದ್ದರೆ 6000ದ ಕಿಟ್ಟು ಬಹಳ ಸಲ 4800ರಲ್ಲೇ ಓಡ್ತಿರುತ್ತೆ, ಡಿಡಿಆರ್4 ಆದರೆ 2133 ಅಥವಾ 2400ರಲ್ಲಿ. ವರ್ಷಗಟ್ಟಲೆ ಹಾಗೇ ಓಡಿಸಿದವರು ಇದ್ದಾರೆ, ಪಾಪ, ಕೊಟ್ಟ ದುಡ್ಡಿನ ವೇಗ ಸಿಗದೇ.

ಹುಡುಗ: ಹಾಕಿದ್ದರಿಂದ ಅಪಾಯ ಇಲ್ಲವಾ? ಪ್ರೊಸೆಸರ್ ಸುಟ್ಟಿದ್ದು ಓದಿದ್ದೆ.

ಚಿಕ್ಕಮ್ಮ: 2023ರಲ್ಲಿ ಆಯ್ತು ಅದು. ಎಕ್ಸ್‌ಪೋ ಹಾಕಿದಾಗ ಕೆಲವು ಬೋರ್ಡುಗಳು ರೈಜೆನ್ 7000ದ ಒಂದು ಭಾಗಕ್ಕೆ ವೋಲ್ಟೇಜ್ ಜಾಸ್ತಿ ಕೊಡ್ತಿದ್ದವು. ಎಎಂಡಿ ಅದನ್ನ 1.3 ವೋಲ್ಟಿಗೆ ಕಟ್ಟಿಹಾಕೋ ಹಾಗೆ ಹೊಸ ಬಯಾಸ್ ತರಿಸಿತು. ಅದಕ್ಕೇ ಹೇಳೋದು, ಎಕ್ಸ್‌ಪೋ ಹಾಕೋ ಮುಂಚೆ ಬಯಾಸ್ ಅಪ್‌ಡೇಟ್ ಮಾಡು ಅಂತ. ಅಂಗಡಿಯಲ್ಲಿ ತಿಂಗಳುಗಟ್ಟಲೆ ಕೂತ ಬೋರ್ಡಿನಲ್ಲಿ ಹಳೇದೇ ಇರುತ್ತೆ. ಹೊಸ ಬಯಾಸಿನಲ್ಲಿ ರ‍್ಯಾಮ್ ಹೊಂದಾಣಿಕೆಯೂ ಸುಧಾರಿಸಿರುತ್ತೆ. 24, 48 ಜಿಬಿಯ ಸ್ಟಿಕ್ಕುಗಳು 2023ರಲ್ಲಿ ಬಂದಾಗ ಹಳೇ ಬಯಾಸಿನ ಬೋರ್ಡುಗಳು ಅವನ್ನ ಗುರುತೇ ಹಿಡೀತಿರಲಿಲ್ಲ.

ಹುಡುಗ: ಜೋಡಿಸೋವಾಗ ಗಮನ ಇಡಬೇಕಾದ್ದು?

ಚಿಕ್ಕಮ್ಮ: ನಾಲ್ಕು ಸ್ಲಾಟ್ ಇದ್ದರೆ ಪ್ರೊಸೆಸರಿನಿಂದ ಎಣಿಸಿ ಎರಡನೇದು, ನಾಲ್ಕನೇದು. ಬೋರ್ಡಿನ ಮೇಲೆ ಎ2, ಬಿ2 ಅಂತ ಬರೆದಿರುತ್ತೆ. ಮೊದಲ ಎರಡಕ್ಕೋ ಕೊನೆಯ ಎರಡಕ್ಕೋ ಹಾಕಿದರೆ ಒಂದೇ ಚಾನಲ್ಲಿಗೆ ಹೋಗುತ್ತೆ. ಆಮೇಲೆ ಎಎಂ5ರಲ್ಲಿ ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಾಗೇ ಇರುತ್ತೆ, ಫ್ಯಾನ್ ತಿರುಗ್ತಿರುತ್ತೆ, ಬೋರ್ಡಿನ ಮೇಲೆ ರ‍್ಯಾಮ್ ಹೆಸರಿನ ಪುಟ್ಟ ದೀಪ ಉರೀತಿರುತ್ತೆ. ಹೆದರಿ ಸ್ವಿಚ್ ಆಫ್ ಮಾಡಬೇಡ. ರ‍್ಯಾಮ್ ಯಾವ ಹದಕ್ಕೆ ಸರಿಯಾಗಿ ಓದುತ್ತೆ ಅಂತ ಬೋರ್ಡ್ ತಾನೇ ಪರೀಕ್ಷೆ ಮಾಡ್ಕೊಳ್ತಿರುತ್ತೆ, ಟ್ರೈನಿಂಗ್ ಅಂತಾರೆ. ಹಲವು ನಿಮಿಷ ಬೇಕು. ಹೋಗಿ ಕಾಫಿ ಮಾಡ್ಕೊಂಡು ಬಾ. ಎಕ್ಸ್‌ಪೋ ಹಾಕಿದ ಮೇಲೂ ಒಮ್ಮೆ ಹೀಗೇ ಆಗುತ್ತೆ. ಅದೆಲ್ಲ ಮುಗಿದ ಮೇಲೆ ರಾತ್ರಿ ಮಲಗೋ ಮುಂಚೆ ಪೆನ್ ಡ್ರೈವಿನಿಂದ ಮೆಮ್‌ಟೆಸ್ಟ್86 ಹಾಕಿಬಿಡು. ಬೆಳಗ್ಗೆ ಒಂದು ದೋಷ ತೋರಿಸಿದರೂ ಸ್ಟಿಕ್ ವಾಪಸ್ ಕೊಡು, ಒಂದೇ ತಾನೆ ಅಂತ ಬಿಡಬೇಡ. ಆ ಒಂದು ಬಿಟ್ ನಿನ್ನ ಪ್ರಾಜೆಕ್ಟ್ ರಿಪೋರ್ಟಿನ ಫೈಲನ್ನೂ ಕೆಡಿಸಬಹುದು.

ಹುಡುಗ: ಸಿಪಿಯು-ಝಡ್ ಅನ್ನೋ ಸಾಫ್ಟ್‌ವೇರಲ್ಲಿ ನೋಡಿದರೆ 6000 ಅಂತ ತೋರಿಸಬೇಕಲ್ಲ?

ಚಿಕ್ಕಮ್ಮ: 3000 ತೋರಿಸುತ್ತೆ, ಅದು ಸರಿ. ಗಡಿಯಾರದ ಒಂದು ಬಡಿತಕ್ಕೆ ಎರಡು ಸಲ ಸಾಗಿಸೋದೇ ಡಿಡಿಆರ್. ಟಾಸ್ಕ್ ಮ್ಯಾನೇಜರಿನಲ್ಲಿ 6000 ಕಾಣುತ್ತೆ.

ಹುಡುಗ: ಎಲ್ಲ ಸರಿ ಚಿಕ್ಕಮ್ಮ, ಬೆಲೆ ನೋಡಿದರೆ ಎದೆ ಒಡೆಯುತ್ತೆ. ಹೋದ ವರ್ಷ ಸೀನಿಯರ್ ಕೊಟ್ಟ ರೇಟಿಗೂ ಈಗಿನದಕ್ಕೂ ಹೋಲಿಕೆಯೇ ಇಲ್ಲ.

ಚಿಕ್ಕಮ್ಮ: ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಗೆ ಚಿಪ್ ಮಾಡೋ ಆ ಮೂರು ಕಂಪನಿಗಳೂ ಕಾರ್ಖಾನೆ ತಿರುಗಿಸಿವೆ. 2025ರ ಕೊನೆಯಿಂದ ಡಿಡಿಆರ್5, ಡಿಡಿಆರ್4 ಎರಡರ ಬೆಲೆಯೂ ಜಿಗಿಯಿತು. ಮೈಕ್ರಾನ್ ಅಂತೂ ಆ ಡಿಸೆಂಬರಿನಲ್ಲಿ, ಮನೆಬಳಕೆದಾರರಿಗೆ ಕ್ರೂಷಿಯಲ್ ಹೆಸರಲ್ಲಿ ಮಾರ್ತಿದ್ದ ರ‍್ಯಾಮ್ ವ್ಯಾಪಾರವನ್ನೇ ನಿಲ್ಲಿಸ್ತೀವಿ ಅಂತ ಹೇಳಿತು. ನಿನ್ನಂಥ ಹುಡುಗರು ವರ್ಷಗಳಿಂದ ನೆಚ್ಚಿಕೊಂಡಿದ್ದ ಹೆಸರು ಅದು, ನನಗೆ ಬೇಜಾರಾಯ್ತು. ಈ ಹೊತ್ತಿನಲ್ಲಿ ತಪ್ಪು ರ‍್ಯಾಮ್ ಕೊಳ್ಳೋದು ಮೊದಲಿಗಿಂತ ದುಬಾರಿ.

ಹುಡುಗ: ಹಾಗಾದರೆ ಸೀನಿಯರ್ ಒಬ್ಬರು ಡಿಡಿಆರ್4 3200, 8ರ ಎರಡು, ಡಬ್ಬಿ ಸಮೇತ ಕಮ್ಮಿ ಬೆಲೆಗೆ ಕೊಡ್ತೀನಿ ಅಂತಿದ್ದಾರೆ. ಅದು?

ಚಿಕ್ಕಮ್ಮ: ಇದನ್ನ ಮೊದಲೇ ಹೇಳಬಾರದಿತ್ತಾ! ಡೆಸ್ಕ್‌ಟಾಪಿನದೇ, ಒಂದೇ ಡಬ್ಬಿಯ ಜೋಡಿ, ಅವರ ಮುಂದೆಯೇ ಟೆಸ್ಟ್ ಹಾಕೋಕೆ ಬಿಡ್ತಾರೆ ಅಂದರೆ ಯೋಚನೆ ಮಾಡಬೇಕಾದ್ದೇ. ಮೊದಲು ಬೋರ್ಡು ಅಂತ ಇಷ್ಟು ಹೊತ್ತು ಹೇಳಿದೆ. ಒಳ್ಳೇ ರ‍್ಯಾಮ್ ಕೈಗೆ ಬಂದರೆ ಅದಕ್ಕೆ ತಕ್ಕ ಬೋರ್ಡ್ ಹುಡುಕೋದೂ ಸರಿಯೇ. ಆಗ ನಿನ್ನ 12400ಎಫ್, ಡಿ4 ಬೋರ್ಡ್. ಇಲ್ಲ ಅಂದರೆ ಎಎಂ4ರ ರೈಜೆನ್ 5 5600. 16 ಜಿಬಿಯಲ್ಲಿ ಸೈಬರ್‌ಪಂಕ್ ಆಡಬಹುದು, ಫ್ಲೈಟ್ ಸಿಮ್ಯುಲೇಟರ್ ಕೊಂಚ ಕಾಯಬೇಕಾಗುತ್ತೆ. ಆದರೆ ಆ ದಾರಿ ಅಲ್ಲಿಗೆ ಕೊನೆ, ಮುಂದೆ ಆ ಸಾಕೆಟ್ಟಿಗೆ ಬರದ ಹೊಸ ತಲೆಮಾರಿನ ಪ್ರೊಸೆಸರ್ ಬೇಕು ಅಂದರೆ ಬೋರ್ಡು, ರ‍್ಯಾಮ್ ಎರಡೂ ಹೊಸದೇ. ಎಎಂ5ರಲ್ಲಿ ಹಾಗಲ್ಲ, ರೈಜೆನ್ 9000 ಕೂಡ ಅದೇ ಸಾಕೆಟ್ಟಿಗೆ ಬಂತು.

ಹುಡುಗ: ನೀವೇ ಆಗಿದ್ದರೆ?

ಚಿಕ್ಕಮ್ಮ: ನಿಮ್ಮಪ್ಪ ಕೊಟ್ಟಿರೋ ದುಡ್ಡಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನ ಒಂದು ಮೆಟ್ಟಿಲು ಇಳಿಸದೆ ಡಿಡಿಆರ್5 6000, 16ರ ಜೋಡಿ ಬರುತ್ತೆ ಅಂದರೆ 7600, ಬಿ650. ಇಳಿಸಲೇಬೇಕು ಅಂದರೆ ಸೀನಿಯರಿನ ಜೋಡಿ, ಡಿ4 ಬೋರ್ಡ್. ಗೇಮಿಂಗಿಗೆ ಅಂತ ಜೋಡಿಸೋ ಯಂತ್ರದಲ್ಲಿ ರ‍್ಯಾಮ್‌ಗೋಸ್ಕರ ಕಾರ್ಡ್ ಕಡಿಮೆ ಮಾಡಬಾರದು.

ಹುಡುಗ: ಶನಿವಾರ ನೀವೂ ಬರ್ತೀರಾ?

ಚಿಕ್ಕಮ್ಮ: ಶನಿವಾರ ಅಂಗಡಿ ಬಿಟ್ಟು ಬರೋಕಾಗಲ್ಲ. ನೀನೇ ಹೋಗು, ಧೈರ್ಯವಾಗಿ ಕೇಳು. ದುಡ್ಡು ಕೊಡೋ ಮುಂಚೆ ಬೋರ್ಡಿನ ಡಬ್ಬಿದೊಂದು, ರ‍್ಯಾಮ್ ಲೇಬಲ್ಲಿನದೊಂದು ಫೋಟೋ ನನಗೆ ಕಳಿಸು, ನೋಡಿ ಹೇಳ್ತೀನಿ. ಜಿಎಸ್‌ಟಿ ಬಿಲ್ಲಿನಲ್ಲಿ ಎರಡೂ ಸ್ಟಿಕ್ಕಿನ ಸೀರಿಯಲ್ ನಂಬರ್ ಬರೆಸ್ಕೊ. ಮೂರು ವರ್ಷ ಆದ ಮೇಲೆ ಒಂದು ಕೆಟ್ಟರೆ ವಾರಂಟಿಗೆ ಅವರು ಕೇಳೋದು ಆ ಬಿಲ್ಲನ್ನೇ.